ಗಡಿಯಾರದ ಮೇಲೆ ಯಾರ ಹೆಸರು?



ನಮ್ಮ ಶಾಲೆಯ ಸ್ಟಾಫ್ ರೂಮಿನ ಗೋಡೆಯಲ್ಲಿ ಒಂದು ಗಡಿಯಾರವಿದೆ. ಪೇಟೆಯ ಒಂದು ಚಿನ್ನದಂಗಡಿಯವರು ದಾನವಾಗಿ ಕೊಟ್ಟದ್ದು. ಅದರಲ್ಲಿ ಅಂಕಿಗಳು ಚಿಕ್ಕವು, ಅಂಗಡಿಯ ಹೆಸರು ದೊಡ್ಡದು. "ಗಂಟೆ ಎಷ್ಟಾಯಿತು, ನೋಡಿಕೊಂಡು ಬಾ ಮಗೂ" ಎಂದು ಚಿಕ್ಕ ತರಗತಿಯ ಮಕ್ಕಳನ್ನು ಕಳುಹಿಸಿದರೆ ಅವರು ಅಂಗಡಿಯ ಹೆಸರು ಓದಿಕೊಂಡು ಬರುತ್ತಾರೆ! ನಾವೆಲ್ಲ ನಗುತ್ತೇವೆ. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ದಾನ ಕೊಟ್ಟವರ ಹೆಸರು ಎಷ್ಟು ದೊಡ್ಡದಾಗಿರಬೇಕು?

ಈ ಪ್ರಶ್ನೆ ನಮ್ಮ ಶಾಲೆಯದ್ದು ಮಾತ್ರವಲ್ಲ. ಗ್ರೀಸ್ ದೇಶದ ರಾಜಧಾನಿ ಅಥೆನ್ಸ್‌ನಲ್ಲಿರುವ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಂಥ ದೊಡ್ಡ ಸಂಸ್ಥೆಗೂ ಇದೇ ಪ್ರಶ್ನೆ ಎದುರಾಗಿದೆ. ಅಲ್ಲಿಯೂ ದಾನಿ ಗಡಿಯಾರದವರೇ. ಆದರೆ ಗೋಡೆ ಗಡಿಯಾರದವರಲ್ಲ, ಲಕ್ಷಗಟ್ಟಲೆ ರೂಪಾಯಿ ಬೆಲೆಯ ಕೈಗಡಿಯಾರ ತಯಾರಿಸುವ ಸ್ವಿಟ್ಜರ್ಲೆಂಡಿನ ಹ್ಯೂಬ್ಲೋ ಕಂಪೆನಿ. ಎರಡು ಸಾವಿರ ವರ್ಷಗಳ ಹಿಂದೆ ಮುಳುಗಿದ ಒಂದು ಹಡಗಿನ ನಿಧಿಗೆ ಸಂಬಂಧಿಸಿದ ಪ್ರದರ್ಶನ ಮತ್ತು ಶೋಧಗಳಿಗೆ ಈ ಕಂಪೆನಿ ಬೆಂಬಲ ಕೊಟ್ಟಿದೆ. ಆ ಕತೆಯನ್ನು ನಮ್ಮ ಏಳನೇ ತರಗತಿಯ ಮಕ್ಕಳಿಗೆ ಹೇಳಿದೆವು. ಮಕ್ಕಳು ಕೇಳಿದ ಪ್ರಶ್ನೆಗಳಿಂದಲೇ ಈ ಬರಹ ಹುಟ್ಟಿತು.

ಮೊದಲು ಹಡಗಿನ ಕತೆ.

1900ರ ಈಸ್ಟರ್ ಹಬ್ಬದ ಆಸುಪಾಸು. ಗ್ರೀಸಿನ ದಕ್ಷಿಣಕ್ಕಿರುವ ಆಂಟಿಕಿಥೆರಾ ಎಂಬ ಪುಟ್ಟ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕಿದ ದೋಣಿಯವರು ಆಶ್ರಯ ಪಡೆದು ನಿಂತಿದ್ದರು. ಅವರು ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕೀಳುವ ಬಡ ಕೆಲಸಗಾರರು. ನಾಯಕನ ಹೆಸರು ದಿಮಿತ್ರಿಯೊಸ್ ಕೊಂಡೊಸ್. ಗಾಳಿ ನಿಂತ ಮೇಲೆ, ಇಲ್ಲಿಯೂ ಸ್ಪಂಜು ಸಿಗುತ್ತದೋ ನೋಡೋಣ ಎಂದು ಇಲಿಯಾಸ್ ಸ್ಟಾಡಿಯಾಟಿಸ್ ಎಂಬವನು ತಾಮ್ರದ ಶಿರಸ್ತ್ರಾಣ ಹಾಕಿಕೊಂಡು ಇಳಿದ. ಸ್ವಲ್ಪ ಹೊತ್ತಿನಲ್ಲೇ ಹೆದರಿ ಮೇಲೆ ಬಂದ. ತಳದಲ್ಲಿ ಮನುಷ್ಯರ, ಕುದುರೆಗಳ ಹೆಣಗಳು ರಾಶಿ ಬಿದ್ದಿವೆ ಎಂದ. ಕೊಂಡೊಸ್ ತಾನೇ ಇಳಿದು ನೋಡಿದ. ಹೆಣಗಳಲ್ಲ, ವಿಗ್ರಹಗಳು! ಗುರುತಿಗೆಂದು ಕಂಚಿನ ಒಂದು ಕೈಯನ್ನು ಮೇಲೆ ತಂದ.

ಇಲ್ಲಿ ನಮ್ಮಂಥವರು ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಸ್ಪಂಜುಗಾರರು ಸಿಮಿ ದ್ವೀಪದವರು. ಆ ಕಾಲದಲ್ಲಿ ಸಿಮಿ ಗ್ರೀಸ್ ದೇಶದೊಳಗಿರಲಿಲ್ಲ, ತುರ್ಕಿಯ ಒಟ್ಟೋಮನ್ ಸಾಮ್ರಾಜ್ಯದಲ್ಲಿತ್ತು. ಮನೆಮಾತು ಗ್ರೀಕ್, ಆಳುವ ಸರಕಾರ ಬೇರೆ. 1956ರ ನಂತರ ಹುಟ್ಟಿದ ನಮಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗಡಿಯಾಚೆಯ ಜನ ತಮಗೆ ಸಿಕ್ಕಿದ್ದನ್ನು ಬೇರೆಲ್ಲೂ ಮಾರದೆ ಅಥೆನ್ಸಿಗೆ ಹೋಗಿ ಗ್ರೀಕ್ ಸರಕಾರಕ್ಕೆ ತಿಳಿಸಿದರು. 1900ರ ನವೆಂಬರಿನಿಂದ 1901ರ ಸೆಪ್ಟೆಂಬರ್‌ವರೆಗೆ, ಗ್ರೀಕ್ ನೌಕಾಪಡೆಯ ನೆರವಿನಿಂದ, ಅವರೇ ಮುಳುಗಿ ಮುಳುಗಿ ನಿಧಿಯನ್ನು ಮೇಲೆ ತಂದರು.

ಆಳ ಸುಮಾರು 50 ಮೀಟರ್. ನಮ್ಮೂರಿನ ಎತ್ತರದ ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಅಷ್ಟು ಆಳದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ಒತ್ತಡದಿಂದ ರಕ್ತದಲ್ಲಿ ಕರಗುತ್ತದೆ. ಬೇಗನೆ ಮೇಲೆ ಬಂದರೆ, ಗೋಲಿಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವ ಹಾಗೆ, ಮೈಯೊಳಗೆ ಗುಳ್ಳೆಗಳು ಏಳುತ್ತವೆ. ಈ ಕೆಲಸದಲ್ಲಿ ಒಬ್ಬ ಸತ್ತ. ಇಬ್ಬರಿಗೆ ಪಾರ್ಶ್ವವಾಯು ಬಡಿಯಿತು. ಪಚ್ಚಿಲೆ ಕೀಳಲು ಕಡಲಿಗೆ ಇಳಿಯುವವರ ಮನೆಯ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದಾನೆ. ಅವನು ಎದ್ದು ನಿಂತು ಕೇಳಿದ: "ಸರ್, ಸತ್ತವನ ಹೆಸರು ಆ ಮ್ಯೂಸಿಯಂನಲ್ಲಿ ಬರೆದಿದ್ದಾರಾ?"

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗೋಣ.

ಹಡಗಿನಿಂದ ಬಂದದ್ದು ಅಷ್ಟಿಷ್ಟಲ್ಲ. ಕಂಚಿನ ಸುಂದರ ಯುವಕನ ವಿಗ್ರಹ, ಗಡ್ಡದ ತತ್ವಜ್ಞಾನಿಯ ತಲೆ, ಬಣ್ಣದ ಗಾಜಿನ ಬಟ್ಟಲುಗಳು, ಅಮೃತಶಿಲೆಯ ಮೂರ್ತಿಗಳು. ಮರಳಿನಲ್ಲಿ ಹೂತಿದ್ದ ಅರ್ಧ ಭಾಗ ನಯವಾಗಿಯೇ ಇದ್ದು, ನೀರಿಗೆ ತೆರೆದಿದ್ದ ಅರ್ಧವನ್ನು ಕಡಲಜೀವಿಗಳು ಕೊರೆದು ತಿಂದುಹಾಕಿದ ಮೂರ್ತಿಗಳೂ ಇವೆ. ಎಲ್ಲಕ್ಕಿಂತ ಹೆಚ್ಚಿನ ವಸ್ತು ಮಾತ್ರ ನೋಡಲು ಏನೂ ಅಲ್ಲದ ಹಸಿರು ತುಕ್ಕಿನ ಒಂದು ಮುದ್ದೆ. 1902ರಲ್ಲಿ ಅದರೊಳಗೆ ಹಲ್ಲಿನ ಚಕ್ರವೊಂದು ಇರುವುದು ಕಣ್ಣಿಗೆ ಬಿತ್ತು. ಅಷ್ಟು ಹಳೆಯ ಕಾಲದಲ್ಲಿ ಇಂಥ ಯಂತ್ರ ಇರಲು ಸಾಧ್ಯವೇ ಇಲ್ಲ ಎಂದವರೂ ಇದ್ದರು.

ಅದನ್ನು ಓದಲು ನೂರು ವರ್ಷ ಹಿಡಿಯಿತು. ಡೆರೆಕ್ ಪ್ರೈಸ್ ಎಂಬ ವಿದ್ವಾಂಸರು 1959ರಲ್ಲಿ ಇದನ್ನು ಗ್ರೀಕರ ಕಂಪ್ಯೂಟರ್ ಎಂದು ಕರೆದು ಲೇಖನ ಬರೆದರು. 1970ರ ದಶಕದಲ್ಲಿ ಕರಕಾಲೋಸ್ ಎಂಬ ಗ್ರೀಕ್ ವಿಜ್ಞಾನಿಯ ಜತೆ ವಿಕಿರಣದ ಚಿತ್ರ ತೆಗೆದು ಚಕ್ರಗಳನ್ನು ಎಣಿಸಿದರು. 1976ರಲ್ಲಿ ಜಾಕ್ ಕುಸ್ಟೋ ಅವರ ತಂಡ ಅದೇ ಜಾಗದಲ್ಲಿ ಮುಳುಗಿ ನಾಣ್ಯಗಳನ್ನು ತಂದಿತು. ಹಡಗು ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಮುಳುಗಿತೆಂದು ಹೇಳಲು ಅವು ಬಲವಾದ ಆಧಾರವಾದವು. 2005ರಲ್ಲಿ ಬ್ರಿಟನ್ನಿನ ಎಕ್ಸ್-ಟೆಕ್ ಎಂಬ ಸಣ್ಣ ಕಂಪೆನಿ ಇದಕ್ಕಾಗಿಯೇ ಸುಮಾರು ಎಂಟು ಟನ್ ತೂಕದ ಎಕ್ಸ್‌ರೇ ಯಂತ್ರ ಕಟ್ಟಿ ಅಥೆನ್ಸಿಗೆ ಸಾಗಿಸಿತು. ತುಂಡುಗಳು ಮುಟ್ಟಿದರೆ ಪುಡಿಯಾಗುವಂತಿದ್ದವು. ಅವನ್ನು ಯಂತ್ರದ ಬಳಿಗೆ ಒಯ್ಯುವಂತಿರಲಿಲ್ಲ, ಯಂತ್ರವೇ ಅವುಗಳ ಬಳಿಗೆ ಬರಬೇಕಾಯಿತು.

ಆಗ ಸಿಕ್ಕಿದ ಚಿತ್ರ ಹೀಗಿದೆ ನೋಡಿ. ಉಳಿದಿರುವುದು 82 ತುಂಡುಗಳು, ಅವುಗಳಲ್ಲಿ 30 ಹಲ್ಲಿನ ಚಕ್ರಗಳು. ಕೈಯಿಂದ ತಿರುಗಿಸಿದರೆ ಸೂರ್ಯ ಚಂದ್ರರ ಸ್ಥಾನ ಮುಂದಿನ ಮುಖದಲ್ಲಿ ಕಾಣುತ್ತಿತ್ತು. ಹಿಂದಿನ ಮುಖದಲ್ಲಿ 19 ವರ್ಷಗಳಿಗೆ 235 ಚಾಂದ್ರಮಾಸ ಎಂಬ ಲೆಕ್ಕದ ಪಂಚಾಂಗ. ಅದರ ಕೆಳಗೆ 223 ಚಾಂದ್ರಮಾಸಗಳ, ಅಂದರೆ ಸುಮಾರು 18 ವರ್ಷ 11 ದಿನಗಳ ಗ್ರಹಣಚಕ್ರ. ಒಲಿಂಪಿಕ್ ಮುಂತಾದ ಕ್ರೀಡಾಕೂಟಗಳು ಯಾವ ವರ್ಷ ಬರುತ್ತವೆಂದು ತೋರಿಸುವ ಪುಟ್ಟ ಮುಖವೂ ಇದೆ. ಚಂದ್ರ ಕೆಲವೊಮ್ಮೆ ಬೇಗ, ಕೆಲವೊಮ್ಮೆ ನಿಧಾನ ಚಲಿಸುವುದನ್ನು ತೋರಿಸಲು ಒಂದು ಚಕ್ರದ ಮೊಳೆಯನ್ನು ಇನ್ನೊಂದರ ಸೀಳಿನಲ್ಲಿ ಓಡುವಂತೆ ಮಾಡಿದ್ದಾರೆ. ಮಾಡಿದವನ ಹೆಸರು ಎಲ್ಲಿಯೂ ಇಲ್ಲ.

ಇನ್ನು ಗಡಿಯಾರದ ಕಂಪೆನಿಯ ಮಾತು. ಹ್ಯೂಬ್ಲೋ ಎಂದರೆ ಫ್ರೆಂಚಿನಲ್ಲಿ ಹಡಗಿನ ದುಂಡು ಕಿಟಕಿ. 1980ರಲ್ಲಿ ಶುರುವಾದ ಈ ಕಂಪೆನಿ ಆಂಟಿಕಿಥೆರಾ ಯಂತ್ರದ ಮುಖಗಳನ್ನು ಕೈಗಡಿಯಾರದ ಅಳತೆಗೆ ಇಳಿಸಿ, 2012ರ ಬಾಸೆಲ್ ಗಡಿಯಾರ ಮೇಳದಲ್ಲಿ ಪ್ರದರ್ಶಿಸಿತು. ಮಾಡಿದ ಕೆಲವೇ ಪ್ರತಿಗಳಲ್ಲಿ ಒಂದನ್ನು ಅಥೆನ್ಸಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿತು. ಅದೇ 2012ರ ಏಪ್ರಿಲಿನಲ್ಲಿ ಅಲ್ಲಿ ಹಡಗು, ನಿಧಿ, ಯಂತ್ರ ಈ ಮೂರನ್ನೂ ಒಟ್ಟಿಗೆ ತೋರಿಸುವ ದೊಡ್ಡ ಪ್ರದರ್ಶನ ತೆರೆಯಿತು. 2014ರಲ್ಲಿ ಸಮುದ್ರತಳದ ಶೋಧ ಮತ್ತೆ ಆರಂಭವಾದಾಗ ನೆರವಾದವರಲ್ಲಿ ಈ ಕಂಪೆನಿಯೂ ಒಂದು. 2015ರ ಸೆಪ್ಟೆಂಬರಿನಿಂದ 2016ರ ಮಾರ್ಚ್‌ವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಚೀನ ಕಲಾ ಮ್ಯೂಸಿಯಂನಲ್ಲಿ ನಡೆದ ಮುಳುಗಿದ ನಿಧಿಯ ಪ್ರದರ್ಶನಕ್ಕೂ ಅದು ಬೆಂಬಲ ನೀಡಿತು.

ಇದು ಜಾಹೀರಾತಲ್ಲವೇ? ಹೌದು, ಜಾಹೀರಾತೇ. ಕಂಪೆನಿಗಳು ಸುಮ್ಮನೆ ಕೈ ಬಿಚ್ಚುವುದಿಲ್ಲ. ಮುಂದೆ ಅದೇ ಆಂಟಿಕಿಥೆರಾ ಹೆಸರಿನಲ್ಲಿ ಮಾರಾಟಕ್ಕೂ ಕೈಗಡಿಯಾರ ಬಂತು. ಎರಡು ಸಾವಿರ ವರ್ಷದ ಘನತೆಯನ್ನು ತನ್ನ ಹೆಸರಿನ ಪಕ್ಕ ಇಟ್ಟುಕೊಳ್ಳುವುದಕ್ಕೆ ಯಾವ ಕಂಪೆನಿಗೆ ಆಸೆಯಿಲ್ಲ ಹೇಳಿ?

ಹಾಗೆಂದು ಮೂಗು ಮುರಿಯುವುದು ಸುಲಭ. ಆದರೆ 2012ರ ಗ್ರೀಸನ್ನು ಒಮ್ಮೆ ನೆನಪಿಸಿಕೊಳ್ಳಿ. ದೇಶ ಸಾಲದಲ್ಲಿ ಮುಳುಗಿತ್ತು. ಸಂಬಳ ಕಡಿತ, ನೌಕರರ ಕಡಿತ. ಆ ಫೆಬ್ರವರಿಯಲ್ಲಿ ಒಲಿಂಪಿಯಾದ ಮ್ಯೂಸಿಯಂಗೆ ಬಂದೂಕು ಹಿಡಿದು ನುಗ್ಗಿದ ಕಳ್ಳರು ಎಪ್ಪತ್ತಕ್ಕೂ ಹೆಚ್ಚು ಪುರಾತನ ವಸ್ತುಗಳನ್ನು ಹೊತ್ತೊಯ್ದರು. ಸಂಸ್ಕೃತಿ ಸಚಿವರು ರಾಜೀನಾಮೆ ಕೊಡಲು ಮುಂದಾದರು. ಪುಣ್ಯಕ್ಕೆ ಅದೇ ವರ್ಷ ನವೆಂಬರಿನಲ್ಲಿ ವಸ್ತುಗಳು ಸಿಕ್ಕಿದವು. ಕಾವಲುಗಾರರಿಗೇ ಹಣ ಸಾಲದ ಕಾಲದಲ್ಲಿ ಪ್ರದರ್ಶನಕ್ಕೆ ಯಾರು ಕೊಡುತ್ತಾರೆ? ಶಾಲೆಯ ಹೆಂಚು ಸೋರುವಾಗ ದಾನಿಯ ಮನಸ್ಸನ್ನು ಪರೀಕ್ಷಿಸುತ್ತಾ ಕೂರಲು ಆಗುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಹಣ ತೆಗೆದುಕೊಂಡದ್ದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ಹಣ ಯಾರದ್ದಾದರೂ ಆಗಲಿ, ಕತೆ ಮಾತ್ರ ದಾನಿಯದ್ದಾಗಬಾರದು.

ಕತೆ ದಾನಿಯದ್ದಾಗುವುದು ಹೇಗೆ? ಗಡಿಯಾರದ ಕಂಪೆನಿ ಜತೆಗಿರುವಾಗ ಈ ಯಂತ್ರವನ್ನು ಜಗತ್ತಿನ ಮೊದಲ ಗಡಿಯಾರ ಎನ್ನುವ ಆಸೆ ಬರುವುದು ಸಹಜ. ಕೇಳಲಿಕ್ಕೂ ಚೆಂದ. ಆದರೆ ಅದು ಗಡಿಯಾರವಲ್ಲ. ಅದರಲ್ಲಿ ಸ್ಪ್ರಿಂಗ್ ಇರಲಿಲ್ಲ, ತಾನಾಗಿ ಓಡುತ್ತಿರಲಿಲ್ಲ, ಗಂಟೆ ನಿಮಿಷ ತೋರಿಸುತ್ತಿರಲಿಲ್ಲ. ಕೈಯಿಂದ ತಿರುಗಿಸುವ ಆಕಾಶದ ಲೆಕ್ಕದ ಪೆಟ್ಟಿಗೆ ಅದು. ಗಡಿಯಾರಕ್ಕಿಂತ ನಮ್ಮ ಪಂಚಾಂಗಕ್ಕೇ ಹತ್ತಿರದ ಸಂಬಂಧಿ. ಹೊಳೆಯುವ ಕೈಗಡಿಯಾರವನ್ನು ನೋಡಿದ ಮಗು, ಪಕ್ಕದ ತುಕ್ಕಿನ ಮುದ್ದೆಯನ್ನು ಅದರ ಅಜ್ಜ ಎಂದಷ್ಟೇ ತಿಳಿದು ಮುಂದೆ ಹೋದರೆ ಪ್ರದರ್ಶನ ಸೋತ ಹಾಗೆ. ಮುದ್ದೆಯ ಮುಂದೆ ನಿಂತು, ಇದನ್ನು ಹೇಗೆ ಓದಿದರು ಎಂದು ಆ ಮಗು ಕೇಳಿದರೆ ಗೆದ್ದ ಹಾಗೆ.

ಇಲ್ಲಿ ಎಕ್ಸ್-ಟೆಕ್ ಕಂಪೆನಿಯನ್ನು ಮತ್ತೆ ನೆನೆಯಬೇಕು. ಅದೂ ಕಂಪೆನಿಯೇ. ತನ್ನ ಕಸುಬನ್ನೇ ತಂದು ಧಾರೆ ಎರೆಯಿತು. ಅದರ ಯಂತ್ರದಿಂದಾಗಿ ತುಕ್ಕಿನೊಳಗೆ ಅಡಗಿದ್ದ ಅಕ್ಷರಗಳು ಕಂಡವು, ಓದಲು ಬರುವ ಬರಹ ಎರಡು ಪಟ್ಟಾಯಿತು. 2006ರಲ್ಲಿ ಆ ಫಲಿತಾಂಶ ನೇಚರ್ ಪತ್ರಿಕೆಯಲ್ಲಿ ಎಲ್ಲರ ಮುಂದೆ ಬಂತು. ಹ್ಯೂಬ್ಲೋ ಹೆಸರು ಕೇಳಿದವರಲ್ಲಿ ಎಕ್ಸ್-ಟೆಕ್ ಹೆಸರು ಕೇಳಿದವರು ಎಷ್ಟು ಜನ? ಗೋಡೆಯ ಮೇಲಿನ ಅಕ್ಷರದ ಗಾತ್ರವನ್ನು ನೋಡಿ ದಾನದ ಗಾತ್ರವನ್ನು ಅಳೆಯಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಆ ಅಕ್ಷರಗಳಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಹನ್ನೆರಡು ತಿಂಗಳ ಹೆಸರುಗಳು. ಗ್ರೀಕರಲ್ಲಿ ಊರಿಂದೂರಿಗೆ ತಿಂಗಳ ಹೆಸರು ಬೇರೆ. ಅಥೆನ್ಸಿನವರದ್ದು ಒಂದು, ಕೊರಿಂಥ್‌ನವರದ್ದು ಇನ್ನೊಂದು. ಯಂತ್ರದ ಮೇಲಿದ್ದ ಹೆಸರುಗಳು ಕೊರಿಂಥ್ ಕುಟುಂಬಕ್ಕೆ ಸೇರಿದವು ಎಂದು 2008ರಲ್ಲಿ ಗೊತ್ತಾಯಿತು. ಕೊರಿಂಥ್‌ನವರು ಕಡಲು ದಾಟಿ ಹೋಗಿ ಸಿಸಿಲಿ ಮುಂತಾದ ಕಡೆ ನೆಲೆಸಿದ್ದರು. ಪರಸ್ಥಳದಲ್ಲಿ ನೆಲೆಸಿದರೂ ತಾಯೂರಿನ ತಿಂಗಳ ಹೆಸರನ್ನು ಬಿಟ್ಟಿರಲಿಲ್ಲ. ಈ ಯಂತ್ರ ಯಾವ ಜನರ ಬಳಕೆಗೆಂದು ಮಾಡಿದ್ದು ಎಂದು ಹುಡುಕುವವರಿಗೆ ಎರಡು ಸಾವಿರ ವರ್ಷಗಳ ಬಳಿಕ ಸುಳಿವು ಕೊಟ್ಟದ್ದು ಕಂಚೂ ಅಲ್ಲ, ಚಕ್ರವೂ ಅಲ್ಲ, ಆ ಹೆಸರುಗಳು!

ಕಾಸರಗೋಡಿನ ನಮ್ಮ ಮನೆಗಳ ಗೋಡೆಯಲ್ಲೂ ಹಾಗೆಯೇ ತಾನೇ? ಅಜ್ಜಿ ಆಟಿ, ಸೋಣ ಎಂದು ತುಳುವಿನಲ್ಲಿ ಎಣಿಸುತ್ತಾರೆ. ಪಕ್ಕದ ಮನೆಯವರಿಗೆ ಅದೇ ಕರ್ಕಾಟಕ, ಚಿಂಗ. ಪಂಚಾಂಗದಲ್ಲಿ ಶ್ರಾವಣ, ಭಾದ್ರಪದ. ಶಾಲೆಯ ಹಾಜರಿ ಪುಸ್ತಕದಲ್ಲಿ ಜುಲೈ, ಆಗಸ್ಟ್. ಇವುಗಳಲ್ಲಿ ಯಾವುದನ್ನು ಮರೆತರೂ ನಾವು ಯಾರೆಂದು ಹೇಳುವ ಒಂದು ಗುರುತು ಅಳಿದ ಹಾಗೆ. ಅಂದ ಹಾಗೆ, ತಾಯಿನುಡಿಯಲ್ಲಿ ತಿಂಗಳ ಹೆಸರು ಕಲಿತು ಏನು ಪ್ರಯೋಜನ ಎಂದು ಕೇಳುವ ಪೋಷಕರಿಗೆ ಈಗ ನಮ್ಮ ಬಳಿ ಒಂದು ಒಳ್ಳೆಯ ಉತ್ತರವಿದೆ.

ಕೊನೆಗೆ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಒಮ್ಮೆ ನಮ್ಮ ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಮಾಡಿದೆವು. ಮಕ್ಕಳು ಮನೆಯಿಂದ ಸೇರು, ಪಾವು, ಚೆನ್ನೆಮಣೆ, ಕಂಚಿನ ಗಿಂಡಿ, ತಾಳೆಗರಿಯ ಕಟ್ಟು ತಂದರು. ಒಂದೊಂದಕ್ಕೂ ಕನ್ನಡದಲ್ಲಿ ಚೀಟಿ ಬರೆದರು. ಚೆನ್ನೆಮಣೆ ತಂದ ಹುಡುಗಿ ಅದನ್ನು ಕೆತ್ತಿದ ಆಚಾರಿಯ ಹೆಸರನ್ನು ಅಜ್ಜಿಯಲ್ಲಿ ಕೇಳಿ ಬರೆದಿದ್ದಳು. ಶಾಮಿಯಾನ ಮತ್ತು ಚಹಾದ ಖರ್ಚನ್ನು ಒಂದು ಅಂಗಡಿಯವರು ವಹಿಸಿಕೊಂಡರು. ಬೆಳಿಗ್ಗೆ ನೋಡಿದರೆ ಮೇಜುಗಳ ಮುಂದೆ ಅವರ ದೊಡ್ಡ ಫ್ಲೆಕ್ಸ್. ಅದರಲ್ಲಿ ಕನ್ನಡದ ಒಂದಕ್ಷರವಿಲ್ಲ. ಮಕ್ಕಳ ಚೀಟಿಗಳು ಅದರ ಹಿಂದೆ. "ಕೊಟ್ಟವರ ಮನಸ್ಸು ನೋಯಿಸುವುದು ಬೇಡ ಮಾಷ್ಟ್ರೇ" ಎಂದರು ಪಿಟಿಎಯ ಹಿರಿಯರೊಬ್ಬರು. ನಾವೂ ಸುಮ್ಮನಾದೆವು. ಸಂಜೆ ಆ ಹುಡುಗಿ ತನ್ನ ಚೀಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡು ಮನೆಗೆ ಹೋದಳು. ಯಾರೂ ಓದಿರಲಿಲ್ಲ.

ಅಂಗಡಿಯವರ ಮೇಲೆ ನಮಗೆ ಸಿಟ್ಟಿಲ್ಲ. ಫ್ಲೆಕ್ಸನ್ನು ಎರಡು ಮಾರು ಆಚೆ ಕಟ್ಟಿ ಎಂದು ನಾವು ಹೇಳಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲವೇನೋ. ಕೇಳಲು ನಮಗೇ ಧೈರ್ಯ ಇರಲಿಲ್ಲ. ಬಡ ಶಾಲೆಯವರು, ಕಡಿಮೆ ಮಕ್ಕಳಿರುವ ಮಾಧ್ಯಮದವರು ಎಂಬ ಸಂಕೋಚ ನಮ್ಮ ಬೆನ್ನನ್ನು ಬಗ್ಗಿಸಿತ್ತು. ಸಾಲದಲ್ಲಿದ್ದ ಗ್ರೀಸಿನ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಯಂತ್ರ ಯಂತ್ರವಾಗಿಯೇ ಉಳಿದಿದೆ, ದೇಶದ ಆಸ್ತಿಯಾಗಿಯೇ ಉಳಿದಿದೆ. ಕೈಗಡಿಯಾರ ಅದರ ಮನೆಗೆ ಅತಿಥಿಯಾಗಿ ಬಂದಿದೆ. ಅತಿಥಿಯನ್ನು ಗೌರವಿಸೋಣ, ಮನೆಯ ಯಜಮಾನಿಕೆ ಬಿಟ್ಟುಕೊಡುವುದು ಬೇಡ.

ಆ ವರ್ಷದ ನಂತರ ನಮ್ಮ ಪಿಟಿಎ ಸಭೆಯಲ್ಲಿ ಮೂರು ಮಾತು ಬರೆದಿಟ್ಟೆವು. ಒಂದು, ದಾನಿಯ ಹೆಸರು ಇರಲಿ, ಆದರೆ ವಸ್ತುವಿನ ಮುಂದೆ ಅಲ್ಲ, ಪಕ್ಕದಲ್ಲಿ. ಎರಡು, ಶಾಲೆಯೊಳಗೆ ಹಾಕುವ ಯಾವ ಫಲಕದಲ್ಲಿಯೂ ಕನ್ನಡ ಇರಲೇಬೇಕು, ಮಲಯಾಳ ಇಂಗ್ಲಿಷ್ ಜತೆಗಿರಲಿ. ಮೂರು, ಪ್ರತಿಯೊಂದು ವಸ್ತುವಿನ ಚೀಟಿಯಲ್ಲಿ ಮಾಡಿದವರ, ಕಾಪಾಡಿದವರ ಹೆಸರು ಗೊತ್ತಿದ್ದರೆ ಮೊದಲು ಅದನ್ನು ಬರೆಯಬೇಕು. ಈ ಮೂರನ್ನು ಮೊದಲೇ ಹೇಳಿದ ಮೇಲೂ ದಾನ ಕೊಟ್ಟವರು ಇದ್ದಾರೆ. ಅವರ ಸಂಖ್ಯೆ ದೊಡ್ಡದಲ್ಲ, ಆದರೆ ಅವರು ಪ್ರತಿ ವರ್ಷ ಬರುತ್ತಾರೆ.

ಪಚ್ಚಿಲೆಯವರ ಮನೆಯ ಹುಡುಗನಿಗೆ ಉತ್ತರ ಕೊಡಬೇಕಿತ್ತಲ್ಲ. ಸತ್ತ ಮುಳುಗುಗಾರನ ಹೆಸರು ಗಿಯೋರ್ಗೊಸ್ ಕ್ರಿಟಿಕೊಸ್ ಎಂದು ತಿಳಿಸಿದೆವು. ಅವನು ಬೋರ್ಡಿನ ಮೇಲೆ ಅದನ್ನು ಕನ್ನಡ ಲಿಪಿಯಲ್ಲಿ ಬರೆದ. ಸ್ವಲ್ಪ ಒತ್ತಕ್ಷರ ತಪ್ಪಿತು, ತಿದ್ದಿದೆವು. ಕೆಳಗೆ ಕೊಂಡೊಸ್, ಸ್ಟಾಡಿಯಾಟಿಸ್ ಹೆಸರುಗಳನ್ನೂ ಮಕ್ಕಳು ಬರೆದರು. ಮರುದಿನದವರೆಗೆ ಬೋರ್ಡನ್ನು ಒರೆಸಲಿಲ್ಲ.

ನಿಮ್ಮ ಶಾಲೆಯ ಗೋಡೆಯಲ್ಲಿ ಯಾರ ಹೆಸರಿದೆ? ಒಮ್ಮೆ ನೋಡಿಕೊಂಡು ಬನ್ನಿ.